ವಿಮಾನಕ್ಕೊಂದು ಗವಾಕ್ಷಿ

ನಮ್ಮ ಮನೆಯಲ್ಲಿ ಒಂದು ವಿಮಾನ ಇದೆ. ನಾಲ್ಕು ಅಡಿ ರೆಕ್ಕೆ, ಥರ್ಮಾಕೋಲಿನ ಮೈ, ಮೂತಿಗೆ ಹತ್ತು ಇಂಚಿನ ಪ್ರೊಪೆಲ್ಲರ್. ಮಗನಿಗೆ ಅಂತ ಶುರು ಮಾಡಿದ್ದು. ಅವನು ಎರಡು ದಿನ ಜೊತೆಗೆ ಕೂತಿದ್ದು, ಮೂರನೇ ದಿನ ಬ್ಯಾಟು ಹಿಡಿದು ಬೀದಿಗೆ ಹೋದ. ಥರ್ಮಾಕೋಲಿನ ಪುಡಿ ಗುಡಿಸುತ್ತಾ ನಾನು ಉಳಿದೆ.

ರೆಕ್ಕೆ ಎಲ್ಲಿ ಕೂರಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೋಟಾರ್ ಮೂತಿಗೆ, ಬಾಲ ಹಿಂದಕ್ಕೆ. ನನ್ನ ನಿದ್ದೆ ಕೆಡಿಸಿದ್ದು ಇಎಸ್‌ಸಿ. ಪೂರ್ತಿ ಹೆಸರು ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್. ಗಾತ್ರ ಬೆಂಕಿಪೊಟ್ಟಣದಷ್ಟು, ತೂಕ 25 ಗ್ರಾಂ. ಒಂದು ಕಡೆ ಬ್ಯಾಟರಿಯ ಎರಡು ದಪ್ಪ ತಂತಿ, ಇನ್ನೊಂದು ಕಡೆ ಮೋಟಾರಿಗೆ ಮೂರು, ಜೊತೆಗೆ ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರಿಗೆ ಹೋಗುವ ಸಣ್ಣದೊಂದು. ಆರು ಬಾಲದ ಹಲ್ಲಿ ನೋಡಿದ ಹಾಗೆ ಆಗುತ್ತದೆ. ಬ್ಯಾಟರಿಯ 11.1 ವೋಲ್ಟ್ ತಗೊಂಡು ಮೋಟಾರಿಗೆ ಎಷ್ಟು ಬೇಕೋ ಅಷ್ಟು ಅಳೆದು ಕೊಡುವುದು ಇದರ ಕೆಲಸ. ರಿಸೀವರಿಗೆ, ಬಾಲ ಅಲ್ಲಾಡಿಸುವ ಸರ್ವೋಗಳಿಗೆ 5 ವೋಲ್ಟ್ ಕೊಡುವುದೂ ಇದೇ. ಸದ್ದು ಮಾಡುವ ಯಜಮಾನ ಮೋಟಾರು, ಸಂಸಾರ ತೂಗಿಸುವುದು ಇದು.

ಎಸ್‌ಪಿ ರೋಡಿನ ಅಂಗಡಿ ಹುಡುಗ ಅದನ್ನು ಕವರಿಗೆ ಹಾಕುತ್ತಾ "ಅಂಕಲ್, ಗಾಳಿ ಆಡೋ ಕಡೆ ಇಡಿ" ಅಂದಿದ್ದ. ನನಗೆ "ಅಂಕಲ್" ಅನ್ನುವುದು ಮಾತ್ರ ಕೇಳಿಸಿತು. ಮೆಜೆಸ್ಟಿಕ್ ತನಕ ಅದೇ ಬೇಜಾರಿನಲ್ಲಿ ಬಂದೆ. ಗಾಳಿಯ ಮಾತು ಅಲ್ಲೇ ಎಲ್ಲೋ ಬಿದ್ದುಹೋಯಿತು.

ಮೊದಲ ಪರೀಕ್ಷೆ ಊಟದ ಟೇಬಲ್ ಮೇಲೆ. ಬ್ಯಾಟರಿ ಸಿಕ್ಕಿಸಿದೆ. ಚಟ್ ಅಂತ ಕಿಡಿ ಹಾರಿತು, ಆಮೇಲೆ ಬೀಪ್, ಬೀಪ್, ಬೀಪ್. ಮೂರು ಸೆಲ್ಲಿನ ಬ್ಯಾಟರಿ ಅಂತ ಅದೇ ಎಣಿಸಿ ಹೇಳುತ್ತದೆ. ನನಗೆ ಎಷ್ಟು ಖುಷಿ ಆಯಿತು ಅಂದರೆ ಪ್ರೊಪೆಲ್ಲರ್ ಬಿಚ್ಚಿಡಬೇಕು ಅನ್ನುವ ಮೊದಲನೇ ಪಾಠವೇ ಮರೆತುಹೋಯಿತು. ರಿಮೋಟಿನ ಥ್ರಾಟಲ್, ಅಂದರೆ ವೇಗದ ಕಡ್ಡಿ, ಒಂಚೂರು ತಳ್ಳಿದೆ. ವಿಮಾನ ಮುಂದಕ್ಕೆ ಬರುತ್ತದೆ ಅಂತ ಎರಡೂ ಕೈ ಚಾಚಿ ಮುಂದೆ ನಿಂತಿದ್ದೆ. ಅದು ಹಿಂದಕ್ಕೆ ಹೋಯಿತು. ಹಿಂದೆ ಇದ್ದದ್ದು ಕಾಯಿಚಟ್ನಿ.

ಮೋಟಾರಿನ ಮೂರು ತಂತಿಯಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು, ಅದು ತಿರುಗುವ ದಿಕ್ಕು ಬದಲಾಗುತ್ತದೆ. ಒಂದು ನಿಮಿಷದ ಕೆಲಸ. ಗೋಡೆಯ ಚಟ್ನಿ ಒರೆಸೋಕೆ ಒಂದು ಗಂಟೆ ಹಿಡಿಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಬಟ್ಟೆ ತಂದು ನನ್ನ ಕೈಗೆ ಕೊಟ್ಟಳು, ಅಷ್ಟೇ.

ಇನ್ನು ಇಎಸ್‌ಸಿಯನ್ನು ಕೂರಿಸಬೇಕು. ನಾನು ಸ್ವಲ್ಪ ಜಾಸ್ತಿ ಜೋಪಾನದ ಮನುಷ್ಯ. ಹೊಸ ಚಪ್ಪಲಿಯನ್ನು ಡಬ್ಬದಲ್ಲೇ ಇಟ್ಟು ಹಳೆಯದನ್ನು ಹಾಕುವ ಜಾತಿ. ವಿಮಾನ ಬಿದ್ದರೆ ಪಾಪ ಇದಕ್ಕೆ ಪೆಟ್ಟಾಗಬಾರದು ಅಂತ ಸ್ಪಂಜ್ ತಂದು, ಬಾಣಂತಿಗೆ ಸುತ್ತಿದ ಹಾಗೆ ಸುತ್ತಿದೆ. ಮೂತಿಯ ಒಳಗೆ ಇಟ್ಟು ಗ್ಲೂ ಗನ್‌ನಿಂದ ನಾಲ್ಕೂ ಮೂಲೆಗೆ ಬಿಸಿ ಅಂಟು ಸುರಿದೆ. ಮೇಲೆ ಮುಚ್ಚಳ. ಮುಚ್ಚಳದ ಸುತ್ತ ಟೇಪು. ಇರುವೆ ಕೂಡ ನುಗ್ಗೋ ಹಾಗಿರಲಿಲ್ಲ.

ಬೆಂಗಳೂರಿನಲ್ಲಿ ಹಾರಿಸೋಣ ಅಂದರೆ ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಯಲಹಂಕ, ಪಕ್ಕದಲ್ಲೇ ಜಕ್ಕೂರು. ದೊಡ್ಡ ವಿಮಾನಗಳಿಗೇ ಜಾಗ ಸಾಲದು. ಹಾಗಾಗಿ ತುಮಕೂರಿನ ಆಚೆ ಬಾಮೈದನ ಊರಿಗೆ ಹೋದೆವು. ರಾಗಿ ಕೊಯ್ಲಾಗಿ ಹೊಲ ಖಾಲಿ ಇತ್ತು.

ಹಾರಿತು ಕಣ್ರೀ! ಬಾಮೈದ ಶಿಳ್ಳೆ ಹೊಡೆದ. ಹುಡುಗರು ಕೆಳಗೆ ನೆರಳಿನ ಹಿಂದೆ ಓಡಿದರು. ಫುಲ್ ಥ್ರಾಟಲ್‌ನಲ್ಲಿ ಎರಡು ಸುತ್ತು, ಮೂರು ಸುತ್ತು. ನಾಲ್ಕನೇ ಸುತ್ತಿಗೆ ಸದ್ದು ಸಣ್ಣಗಾಯಿತು, ಆಮೇಲೆ ಇಲ್ಲವೇ ಇಲ್ಲ. ಇಎಸ್‌ಸಿ ತುಂಬಾ ಕಾದರೆ ತನ್ನ ಜೀವ ಉಳಿಸಿಕೊಳ್ಳೋಕೆ ಮೋಟಾರಿನ ಕರೆಂಟು ಇಳಿಸುತ್ತದೆ. ಸರ್ವೋಗಳಿಗೆ ಮಾತ್ರ ಕೊಡುತ್ತಲೇ ಇರುತ್ತದೆ, ಆಡಿಸುವವನು ಹುಷಾರಿದ್ದರೆ ತೇಲಿಸಿಕೊಂಡು ಮೆತ್ತಗೆ ಇಳಿಸಲಿ ಅಂತ. ಅದು ನನ್ನ ಬಗ್ಗೆ ಇಟ್ಟುಕೊಂಡಿದ್ದ ನಂಬಿಕೆ ದೊಡ್ಡದು. ನಾನು ಗಾಬರಿಯಲ್ಲಿ ರಿಮೋಟಿನ ಎರಡೂ ಕಡ್ಡಿಯನ್ನು ಒಂದೇ ಕಡೆ ಒತ್ತಿದೆ. ವಿಮಾನ ನೇರ ಹುಲ್ಲಿನ ಬಣವೆಗೆ ಮೂತಿ ಚುಚ್ಚಿ ನಿಂತಿತು.

ಮುಚ್ಚಳ ತೆಗೆದರೆ ಒಳಗಿಂದ ಇಸ್ತ್ರಿಪೆಟ್ಟಿಗೆಯ ಝಳ. ಬಿಸಿ ಅಂಟು ಮತ್ತೆ ಕರಗಿ, ಎತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತು. ಒಂದೆಳೆ ಪಾಕ, ಉಂಡೆ ಕಟ್ಟಬಹುದಿತ್ತು. ಬಾಮೈದ ಬೆರಳಿಟ್ಟು ಫಕ್ಕನೆ ತೆಗೆದ. "ಭಾವ, ಇದರ ಮೇಲೆ ದೋಸೆ ಹುಯ್ಯಬಹುದು."

ಆಗ ಎಸ್‌ಪಿ ರೋಡಿನ ಹುಡುಗ ಹೇಳಿದ ವಾಕ್ಯದ ಉಳಿದ ಅರ್ಧ ಕಿವಿಗೆ ಬಿತ್ತು.

ಗಾಳಿ ತಾನೇ? ತಗೋ. ಸ್ಪಂಜು ಬಿಸಾಕಿ ಇಎಸ್‌ಸಿಯನ್ನು ವಿಮಾನದ ಹೊಟ್ಟೆಯ ಕೆಳಗೆ, ಹೊರಗಡೆಗೇ ಜಿಪ್ ಟೈ ಹಾಕಿ ಬಿಗಿದೆ. ಮುಂದಿನ ಭಾನುವಾರ ಐದು ನಿಮಿಷ ಹಾರಿದರೂ ಅದು ತಣ್ಣಗಿತ್ತು. ನಾನು ಮರೆತದ್ದು ಒಂದೇ. ನಮ್ಮ ವಿಮಾನಕ್ಕೆ ಚಕ್ರ ಇಲ್ಲ, ಅದು ಇಳಿಯುವುದು ಹೊಟ್ಟೆಯ ಮೇಲೆ. ಅಷ್ಟು ದೊಡ್ಡ ಹೊಲದಲ್ಲಿ ಹಸು ಸಗಣಿ ಹಾಕಿದ್ದು ಒಂದೇ ಜಾಗ. ನನ್ನ ಜೀವನದಲ್ಲೇ ಅಷ್ಟು ಗುರಿ ಇಟ್ಟ ಹಾಗೆ ನಾನು ಏನನ್ನೂ ಇಳಿಸಿಲ್ಲ. ಹಸಿ ಸಗಣಿ ತಂತಿ ಸಂದಿಗೆಲ್ಲ ಮೆತ್ತಿಕೊಂಡು, ಇಎಸ್‌ಸಿ ಕೊನೆಯದಾಗಿ ಅರ್ಧ ಬೀಪ್ ಅಂದು ಸುಮ್ಮನಾಯಿತು.

ಮತ್ತೆ ಎಸ್‌ಪಿ ರೋಡು. ಹುಡುಗ ಗುರುತು ಹಿಡಿದ. "ಅಂಕಲ್, ಏನಾಯ್ತು?" ಸಗಣಿ ಅಂತ ಹೇಳೋಕೆ ನಾಚಿಕೆಯಾಗಿ "ತೇವ" ಅಂದೆ. ಈ ಸಲ ನನ್ನದೊಂದು ಯೋಜನೆ ಇತ್ತು. ಬ್ಯಾಟರಿ ತಂತಿಯನ್ನು ಒಂದು ಅಡಿ ಉದ್ದ ಮಾಡಿ ಇಎಸ್‌ಸಿಯನ್ನು ಬಾಲದ ಹತ್ತಿರ ಕಳಿಸೋದು. ಅವನು ತಲೆ ಆಡಿಸಿದ. ಬ್ಯಾಟರಿ ಕಡೆಯ ತಂತಿ ಉದ್ದವಾದಷ್ಟೂ ಇಎಸ್‌ಸಿಯ ಕೆಪಾಸಿಟರ್‌ಗಳಿಗೆ ಕಾಟ ಜಾಸ್ತಿ, ಬೇಗ ಸಾಯುತ್ತವೆ. ಉದ್ದ ಮಾಡಲೇಬೇಕು ಅಂದರೆ ಮೋಟಾರಿನ ಮೂರು ತಂತಿ ಉದ್ದ ಮಾಡಿ ಅಂದ. ಅದೂ ಅಲ್ಲದೆ ಬಾಲ ಭಾರವಾದರೆ ವಿಮಾನ ಮೂತಿ ಎತ್ತಿಕೊಂಡು ಕೂರುತ್ತದಂತೆ. ನಾನು ಪೂರ್ತಿ ವಾಕ್ಯ ಕೇಳಿಸಿಕೊಂಡೆ.

ಅಂದು ಸಂಜೆ ಮೂತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಮುಂದೆ ಹೆಬ್ಬೆರಳು ತೂರುವಷ್ಟು ತೂತು ಕೊರೆದಿದ್ದೆ, ಇಎಸ್‌ಸಿಯನ್ನು ಅದರ ಹಿಂದೆಯೇ ವೆಲ್ಕ್ರೋದಲ್ಲಿ ಕೂರಿಸಿದ್ದೆ. ಅವರೆಕಾಳು ಹಿದುಕುತ್ತಿದ್ದ ಅಮ್ಮ ಕನ್ನಡಕದ ಮೇಲಿಂದ ನೋಡಿದರು.

"ಇದೇನೋ ತೂತು?"

"ಗಾಳಿಗಮ್ಮ. ಒಳಗೆ ಬಿಸಿಯಾಗುತ್ತೆ."

"ಬಂದ ಗಾಳಿ ಹೋಗೋದೆಲ್ಲಿಂದ?"

ನಾನು ಮೂತಿ ತಿರುಗಿಸಿ ನೋಡಿದೆ. ಹೋಗೋಕೆ ದಾರಿ ಇರಲಿಲ್ಲ.

"ನಮ್ಮೂರ ಅಡುಗೆಮನೆ ಮರೆತುಬಿಟ್ಯಾ? ಬಾಗಿಲು ತೆಗೆದಿಟ್ಟರೂ ಹೊಗೆ ಹೋಗ್ತಿದ್ದಿದ್ದು ಗವಾಕ್ಷೀಲಿ. ಅದಕ್ಕೂ ಒಂದು ಗವಾಕ್ಷಿ ಇಡು."

ಆಮೇಲೆ ಓದಿ ನೋಡಿದೆ. ವಿಮಾನ ಕಟ್ಟುವವರು ಹೇಳುವುದೂ ಅದನ್ನೇ: ಗಾಳಿ ಹೊರಗೆ ಹೋಗುವ ದಾರಿ ಒಳಗೆ ಬರುವ ದಾರಿಗಿಂತ ದೊಡ್ಡದಿರಬೇಕು. ಅಮ್ಮ ಇಎಸ್‌ಸಿ ಅನ್ನುವ ಹೆಸರೂ ಕೇಳಿದವರಲ್ಲ. ರೆಕ್ಕೆಯ ಹಿಂದೆ, ಹೊಟ್ಟೆಯ ಪಕ್ಕಕ್ಕೆ ದೊಡ್ಡದೊಂದು ಗವಾಕ್ಷಿ ಕೊರೆದೆ.

ಹಾರಿತು, ಏಳು ನಿಮಿಷ. ಇಳಿದ ಮೇಲೆ ಇಎಸ್‌ಸಿ ಮುಟ್ಟಿದರೆ ಕಾಫಿ ಲೋಟದಷ್ಟು ಬೆಚ್ಚಗೆ, ಆರಾಮಾಗಿ ಹಿಡಿದುಕೊಳ್ಳಬಹುದು. ಬಾಮೈದ ದೋಸೆಯ ಮಾತು ಎತ್ತಲಿಲ್ಲ. ವಿಮಾನವನ್ನು ಮನೆಗೆ ತಂದು ಹಾಲ್‌ನ ಗೋಡೆಯ ಮೊಳೆಗೆ ನೇತುಹಾಕಿ, ಬಂದವರಿಗೆಲ್ಲ ತೂತು ತೋರಿಸಿದೆ.

ಎರಡು ವಾರ ಮಳೆ. ಮೂರನೇ ಭಾನುವಾರ ಇಳಿಸಿ ನೋಡಿದರೆ ಮುಂದಿನ ತೂತಿಗೆ ನೀಟಾಗಿ ಮಣ್ಣು ಮೆತ್ತಿದೆ. ಕುಂಬಾರ ಹುಳ. ನಾನು ಸ್ಕ್ರೂಡ್ರೈವರ್ ತಗೊಂಡೆ.

"ಲೋ, ಗೂಡು ಕೆಡವಬೇಡ್ವೋ. ಒಳಗೆ ಮರಿ ಇರುತ್ತೆ" ಅಂದರು ಅಮ್ಮ.

ಸ್ಕ್ರೂಡ್ರೈವರ್ ಒಳಗಿಟ್ಟೆ. ವಿಮಾನ ಮತ್ತೆ ಮೊಳೆಗೆ ಹೋಯಿತು. ದಿನಾ ಬೆಳಿಗ್ಗೆ ಗವಾಕ್ಷಿಯಿಂದ ಟಾರ್ಚ್ ಬಿಟ್ಟು ನೋಡುತ್ತಿದ್ದೇನೆ. ಇನ್ನೂ ಯಾರೂ ಆಚೆ ಬಂದಿಲ್ಲ.