ಅಲ್ಪವಿರಾಮದ ಆಚೆ

ಅಮೆರಿಕದ ವಿಸಿಟಿಂಗ್ ಕಾರ್ಡಿನ ಅಗಲ ಮೂರೂವರೆ ಇಂಚು. ಅಲ್ಲಿನ ಇಂಟೀರಿಯರ್ ಡಿಸೈನರ್ ಒಬ್ಬರ ಹೆಸರಿಗೆ ಅದರಲ್ಲಿ ಒಂದಿಂಚು ಸಿಕ್ಕರೆ ಪುಣ್ಯ. ಉಳಿದದ್ದೆಲ್ಲ ಅಲ್ಪವಿರಾಮದ ಆಚೆಯ ಬಾಲಂಗೋಚಿಗೆ ಮೀಸಲು: ಎಂಎಫ್‌ಎ, ಎನ್‌ಸಿಐಡಿಕ್ಯೂ, ಎಎಸ್‌ಐಡಿ, ಐಐಡಿಎ, ಲೀಡ್ ಎಪಿ, ವೆಲ್ ಎಪಿ. ಇಕ್ಕಟ್ಟಿನಲ್ಲಿ ಎಲ್ಲವನ್ನೂ ಹೊಂದಿಸುವುದೇ ಇವರ ಕಸುಬಾದ್ದರಿಂದ ಕಾರ್ಡು ನೋಡಲು ಚೆನ್ನಾಗಿಯೇ ಇರುತ್ತದೆ, ಬಿಡಿ.

ಈ ಅಕ್ಷರಗಳೆಲ್ಲ ಒಂದೇ ತೂಕದವಲ್ಲ ಎಂಬುದು ಮಾತ್ರ ಗಿರಾಕಿಗೆ ಗೊತ್ತಾಗುವುದಿಲ್ಲ. ಎನ್‌ಸಿಐಡಿಕ್ಯೂ ಎಂಬ ಅರ್ಹತಾಪತ್ರ ಬೆವರಿನ ಸಂಪಾದನೆ, ಮೂರು ಪರೀಕ್ಷೆ ಪಾಸು ಮಾಡಿದವರಿಗೆ ಸಿಗುವಂಥದ್ದು. ಎಎಸ್‌ಐಡಿ, ಐಐಡಿಎ ಎರಡೂ ಸಂಘಗಳು. ಹಳೆಯ ಸಂಘಗಳು ಒಗ್ಗಟ್ಟಾಗಿ 1975ರಲ್ಲಿ ಮೊದಲನೆಯದು ಹುಟ್ಟಿತು; ಬೇರೆ ಹಳೆಯ ಸಂಘಗಳು ಒಗ್ಗಟ್ಟಾಗಿ 1994ರಲ್ಲಿ ಎರಡನೆಯದು. ಒಗ್ಗಟ್ಟು ಎರಡು ಸಲ ಆಯಿತು, ಸಂಘವೂ ಎರಡಾಗಿಯೇ ಉಳಿಯಿತು. ಸಂಘದ ಅಕ್ಷರದ ಆಯುಸ್ಸು ವರ್ಷದ ಚಂದಾ ಕಟ್ಟುವ ತನಕ. ಕಟ್ಟುವುದು ನಿಲ್ಲಿಸಿದರೆ ತಲೆಯೊಳಗಿನ ವಿದ್ಯೆ ಹಾಗೇ ಇರುತ್ತದೆ, ಕಾರ್ಡನ್ನು ಮಾತ್ರ ಮತ್ತೆ ಅಚ್ಚು ಹಾಕಿಸಬೇಕು. ಹಸಿರು ಕಟ್ಟಡದ ಅರ್ಹತೆಯಾದ ಲೀಡ್ ಎಪಿ ಉಳಿಸಿಕೊಳ್ಳಲು ಎರಡು ವರ್ಷಕ್ಕೆ 30 ಗಂಟೆ ಪಾಠ ಕೇಳಬೇಕು. ಆರೋಗ್ಯಕರ ಕಟ್ಟಡದ ಅರ್ಹತೆಯಾದ ವೆಲ್ ಎಪಿಗೂ 30. ಇಂಥ ಪಾಠಗಳಲ್ಲಿ ಎಷ್ಟೋ ನಡೆಯುವುದು ಮಧ್ಯಾಹ್ನದ ಊಟದ ಹೊತ್ತಿಗೆ. ಕಾರ್ಪೆಟ್ ಕಂಪನಿಯವರು ಆಫೀಸಿಗೇ ಊಟ ತರಿಸಿ, ಒಂದು ಗಂಟೆ ಕಾರ್ಪೆಟ್ಟಿನ ಮಹಿಮೆ ಹೇಳಿ, ಹಾಜರಾತಿ ಹಾಕಿಸಿಕೊಂಡು ಹೋಗುತ್ತಾರೆ. ಹೊಟ್ಟೆಯೂ ತುಂಬಿತು, ಜ್ಞಾನವೂ ನವೀಕರಣವಾಯಿತು.

ಇನ್ನು ಲೈಸೆನ್ಸಿನ ವಿಷಯ. ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಎಂಬ ವಕೀಲರ ಸಂಸ್ಥೆ 2012ರಲ್ಲಿ ಲೈಸೆನ್ಸ್ ಕೇಳುವ 102 ಕಸುಬುಗಳನ್ನು ತೂಗಿ ನೋಡಿತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕಸುಬು ಇಂಟೀರಿಯರ್ ಡಿಸೈನ್: ಓದು, ಅನುಭವ ಎಲ್ಲ ಸೇರಿ 2,190 ದಿನ, ಅಂದರೆ ಆರು ವರ್ಷ. ಆಂಬ್ಯುಲೆನ್ಸಿನಲ್ಲಿ ಬಂದು ಎದೆಯೊತ್ತಿ ಜೀವ ಉಳಿಸುವವನಿಗೆ ಸರಾಸರಿ 33 ದಿನ. ಸೋಫಾ ಎಲ್ಲಿಡಬೇಕೆಂದು ಹೇಳಲು ಆರು ವರ್ಷ, ಸೋಫಾದ ಮೇಲೆ ಕುಸಿದವನನ್ನು ಎತ್ತಲು ಒಂದು ತಿಂಗಳು! ಅದೂ ಆಗ ಲೈಸೆನ್ಸ್ ಕಡ್ಡಾಯವಿದ್ದದ್ದು ಮೂರು ರಾಜ್ಯ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ ಮಾತ್ರ. ಗಡಿ ದಾಟಿದರೆ ಅದೇ ಸೋಫಾ ನಿರುಪದ್ರವಿ. ಲೆಕ್ಕ ಹಾಕಿದವರು ಲೈಸೆನ್ಸ್ ವಿರುದ್ಧ ಕೋರ್ಟಿನಲ್ಲಿ ಹೋರಾಡುತ್ತಿದ್ದವರೇ ಎಂಬುದನ್ನೂ ಜೊತೆಗೇ ನೆನಪಿಡಿ.

2011ರಲ್ಲಿ ಫ್ಲಾರಿಡಾದಲ್ಲಿ ಲೈಸೆನ್ಸ್ ರದ್ದು ಮಾಡುವ ಮಸೂದೆ ಬಂದಾಗ ಲೈಸೆನ್ಸನ್ನು ಉಳಿಸಲು ಬಂದವರ ವಾದಗಳಲ್ಲೊಂದು, ಬಣ್ಣಗಳ ಹೊಂದಾಣಿಕೆ ಮನುಷ್ಯನ ಜೊಲ್ಲಿನ ಮೇಲೆ ಪರಿಣಾಮ ಬೀರುತ್ತದೆ ಎಂಬುದು. ಸ್ನೇಹಿತರು ಇಂಥವರಿದ್ದರೆ ಶತ್ರುಗಳು ಯಾಕೆ ಬೇಕು? 2020ರಲ್ಲಿ ಅಲ್ಲಿ ಲೈಸೆನ್ಸ್ ಹೋಗಿ ಸ್ವಇಚ್ಛೆಯ ನೋಂದಣಿ ಬಂತು. ಅಲಬಾಮಾ ಇನ್ನೂ ಸ್ವಾರಸ್ಯ. 1982ರಲ್ಲಿ ಈ ಕಸುಬಿಗೆ ದೇಶದಲ್ಲೇ ಮೊದಲು ಕಾನೂನು ಮಾಡಿದ ರಾಜ್ಯ ಅದು. 2007ರಲ್ಲಿ ಅದರ ಸುಪ್ರೀಂ ಕೋರ್ಟೇ ಲೈಸೆನ್ಸ್ ಕಾನೂನನ್ನು ಹೊಡೆದುಹಾಕಿತು. ಲೂಸಿಯಾನಾದ್ದು ಬೇರೆಯೇ ಲೋಕ, ಅಲ್ಲಿ ಹೂಗುಚ್ಛ ಕಟ್ಟಿ ಮಾರಲೂ ಲೈಸೆನ್ಸ್ ಬೇಕೆಂದಿದ್ದರು. 2010ರವರೆಗೆ ಅಭ್ಯರ್ಥಿ ಗಡಿಯಾರ ನೋಡಿಕೊಂಡು ಹೂ ಜೋಡಿಸಿ ತೋರಿಸಬೇಕಿತ್ತು. ಅಂಕ ಕೊಡಲು ಕೂತವರು ಆಗಲೇ ಲೈಸೆನ್ಸ್ ಪಡೆದ ಹೂವಿನ ವ್ಯಾಪಾರಿಗಳು. ಪಕ್ಕದಲ್ಲಿ ಅಂಗಡಿ ಇಡಲು ಹೊರಟವನ ಗುಲಾಬಿ ಸರಿಯಾಗಿ ನಿಂತಿದೆಯೇ ಎಂದು ಹಳೇ ಅಂಗಡಿಯವನನ್ನೇ ಕೇಳುವ ಈ ನ್ಯಾಯಕ್ಕೆ ಏನೆಂದು ಹೆಸರಿಡೋಣ.

ಹೀಗೆಲ್ಲ ನಕ್ಕ ಮೇಲೆ ಒಂದು ಮಾತು ಹೇಳಲೇಬೇಕು. ‘ಕುಶನ್ ಆರಿಸುವುದಕ್ಕೂ ಲೈಸೆನ್ಸಾ’ ಎಂದು ಗೇಲಿ ಮಾಡುವವರ ಜಾಣತನಕ್ಕೂ ನಮಸ್ಕಾರ. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಕ್ಲಬ್ಬಿನಲ್ಲಿ 492 ಜನ ಸತ್ತರು. ಬೆಂಕಿಗೆ ಹಾದಿಯಾದದ್ದು ಅಲಂಕಾರವೇ: ಕೃತಕ ತೆಂಗಿನ ಮರ, ಸೀಲಿಂಗಿಗೆ ಕಟ್ಟಿದ ಬಟ್ಟೆ. ಮುಖ್ಯದ್ವಾರದ ತಿರುಗುಬಾಗಿಲು ಹೆಣಗಳಿಂದ ಕಟ್ಟಿಕೊಂಡಿತು. ಬೇರೆ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಹಿಂದಿನಿಂದ ಜನ ನೂಕುತ್ತಿದ್ದರೆ ಮುಂದಿದ್ದವನು ಅದನ್ನು ತನ್ನತ್ತ ಎಳೆಯುವುದು ಹೇಗೆ? ಐವತ್ತು ಅಥವಾ ಹೆಚ್ಚು ಜನ ಸೇರುವ ಕೋಣೆಯ ಬಾಗಿಲು ಹೊರಹೋಗುವ ದಿಕ್ಕಿಗೇ ತೆರೆಯಬೇಕು ಎಂದು ಇಂದಿನ ಕಟ್ಟಡ ಕೋಡ್ ಹೇಳುವುದು ಸುಮ್ಮನೆ ಅಲ್ಲ. ಗೋಡೆಗೆ ಬಳಿಯುವ, ಅಂಟಿಸುವ ವಸ್ತುವನ್ನು 25 ಅಡಿ ಉದ್ದದ ಸುರಂಗದಲ್ಲಿ ಹತ್ತು ನಿಮಿಷ ಸುಟ್ಟು ನೋಡುತ್ತಾರೆ. ಜ್ವಾಲೆ ಹರಡುವ ಸೂಚ್ಯಂಕ 25ರೊಳಗಿದ್ದರೆ ಕ್ಲಾಸ್ ಎ, 75ರವರೆಗೆ ಬಿ, 200ರವರೆಗೆ ಸಿ. ಎನ್‌ಸಿಐಡಿಕ್ಯೂ ಕೇಳುವುದು ಇಂಥದ್ದನ್ನು. ಜೊಲ್ಲಿನ ವಾದ ಮಾಡುವ ಬದಲು ಇದೊಂದನ್ನು ನೆಟ್ಟಗೆ ಹೇಳಿದ್ದರೆ ಸಾಕಿತ್ತು.

ಆ ಪರೀಕ್ಷೆ ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ. ಕೂರಬೇಕಾದರೆ ಇಂಟೀರಿಯರ್ ಡಿಸೈನಿನಲ್ಲೇ 60 ಕ್ರೆಡಿಟ್ ಓದಿರಬೇಕು, 3,520 ಗಂಟೆ ಕೆಲಸ ಮಾಡಿರಬೇಕು. ವಾರಕ್ಕೆ 40 ಗಂಟೆಯಂತೆ 88 ವಾರ. ಓದು 40 ಕ್ರೆಡಿಟ್ಟಿನದಾದರೆ ಗಂಟೆ 5,280ಕ್ಕೆ ಏರುತ್ತದೆ. ಮೊದಲ ಭಾಗ ಐಡಿಎಫ್‌ಎಕ್ಸ್ ಅನ್ನು ಓದಿನ ಬಲದ ಮೇಲೆಯೇ ಬರೆಯಬಹುದು, ಉಳಿದೆರಡಕ್ಕೆ ಗಂಟೆ ಬೇಕು. ತೊಡಕು ಇರುವುದು ಯಾರ ಕೈಕೆಳಗೆ ದುಡಿದಿರಿ ಎಂಬಲ್ಲಿ. ಮೇಲ್ವಿಚಾರಕರು ಎನ್‌ಸಿಐಡಿಕ್ಯೂ ಪಾಸಾದವರೋ, ನೋಂದಾಯಿತ ಡಿಸೈನರೋ, ಒಳಾಂಗಣದ ಕೆಲಸವನ್ನೂ ಮಾಡುವ ಆರ್ಕಿಟೆಕ್ಟೋ ಆಗಿದ್ದರೆ ಗಂಟೆಗೆ ಗಂಟೆ ಪೂರ್ತಿ ಲೆಕ್ಕ. ಅಡುಗೆಮನೆ ಶೋರೂಮಿನ ಸೇಲ್ಸ್ ಮ್ಯಾನೇಜರ್ ಕೈಕೆಳಗೆ ನಾಲ್ಕು ವರ್ಷ ಕ್ಯಾಬಿನೆಟ್ ಬರೆದವರ ಗಂಟೆಗೆ ಆ ಮರ್ಯಾದೆಯಿಲ್ಲ. ಕೆಲಸಕ್ಕೆ ಸೇರುವ ಮೊದಲೇ ‘ನನ್ನ ಫಾರ್ಮಿಗೆ ಸಹಿ ಹಾಕುವವರು ಯಾರು’ ಎಂದು ಕೇಳಬೇಕು. ಸಂಬಳ ಎಷ್ಟೆಂದು ಕೇಳುವ ಧೈರ್ಯವೇ ಇರದ ವಯಸ್ಸಿನಲ್ಲಿ ಇದನ್ನು ಕೇಳುವವರು ಎಷ್ಟು ಜನ?

ಇನ್ನು ಸ್ನಾತಕೋತ್ತರ ಪದವಿ. ಇಲ್ಲಿ ನಗು ಬರುವುದು ಕಷ್ಟ.

ಎಂಎ, ಎಂಎಸ್, ಎಂಎಫ್‌ಎ, ಎಂಐಡಿ, ಎಂಡೆಸ್, ಹೆಸರು ಐದು. ಒಳಗಿರುವುದು ಎರಡೇ ತರಹ. ಬೇರೆ ವಿಷಯ ಓದಿ ಬಂದವರಿಗೆ ಡ್ರಾಯಿಂಗಿನಿಂದ ಕೋಡ್‌ವರೆಗೆ ಮೊದಲಿನಿಂದ ಕಲಿಸುವ, ಸಾಮಾನ್ಯವಾಗಿ ಮೂರು ವರ್ಷ ಹಿಡಿಯುವ ಕೋರ್ಸು ಒಂದು. ಇಂಟೀರಿಯರ್ ಡಿಸೈನ್ ಕೋರ್ಸುಗಳನ್ನು ಅಳೆಯುವ ಸಂಸ್ಥೆ ಸಿಐಡಿಎ ಮಾನ್ಯತೆ ಕೊಡುವುದು ಇಂಥ ವೃತ್ತಿ ಹಂತದ ಕೋರ್ಸಿಗೆ. ಇನ್ನೊಂದು, ಈಗಾಗಲೇ ಡಿಸೈನ್ ಪದವಿ ಇದ್ದವರಿಗೆ ಸಂಶೋಧನೆ ಮಾಡಿಸುವ ಒಂದೆರಡು ವರ್ಷದ್ದು. ಅದು ಸಿಐಡಿಎ ವ್ಯಾಪ್ತಿಗೇ ಬರುವುದಿಲ್ಲ. ಇದು ತಪ್ಪಲ್ಲ. ತಪ್ಪು ಏನೆಂದರೆ, ಎರಡಕ್ಕೂ ಬಾಗಿಲ ಮೇಲೆ ಒಂದೇ ಬೋರ್ಡು. ಸಾಹಿತ್ಯವೋ ಮನಶ್ಶಾಸ್ತ್ರವೋ ಓದಿದ ಹುಡುಗಿಯೊಬ್ಬಳು ಸಾಲ ಮಾಡಿ ಎರಡನೆಯ ತರಹದ್ದಕ್ಕೆ ಸೇರಿ, ಮೂವತ್ತು ಚಿಲ್ಲರೆ ಕ್ರೆಡಿಟ್ ಮುಗಿಸಿ, ಪರೀಕ್ಷೆಗೆ ಅರ್ಜಿ ಹಾಕುವಾಗ 60ರ ಲೆಕ್ಕ ಕಾಣುತ್ತಾಳೆ. ಸ್ನಾತಕೋತ್ತರ ಪದವಿ ಕೈಯಲ್ಲಿದೆ, ಡಿಪ್ಲೊಮಾದವರ ಸಾಲಿನಲ್ಲೂ ಜಾಗವಿಲ್ಲ. ಮತ್ತೆ ಕ್ರೆಡಿಟ್, ಮತ್ತೆ ಶುಲ್ಕ. ಪ್ರವೇಶದ ದಿನವೇ ಒಂದು ಸಾಲಿನಲ್ಲಿ ಹೇಳಬಹುದಿತ್ತು. ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಸೀಟು ಖಾಲಿ ಉಳಿಯುತ್ತದೆ. ಇದಕ್ಕೆ ಬುದ್ಧಿವಂತಿಕೆಯ ಹೆಸರು ಬೇಡ. ಮೋಸ, ಅಷ್ಟೇ.

ಆ ಸಂಶೋಧನೆಯಲ್ಲಿ ಬಹಳ ಬೇಡಿಕೆಯಿರುವ ವಸ್ತು ಹೊಸ್ತಿಲು. ಒಳಗು-ಹೊರಗುಗಳ ನಡುವಿನ ಸಂಧಿ, ದಾಟುವಿಕೆಯ ಅನುಭವ, ನೂರು ಪುಟ. ಅಂಗವಿಕಲರಿಗಾಗಿ ಇರುವ ಅಮೆರಿಕದ ಎಡಿಎ ನಿಯಮದಲ್ಲಿ ಹೊಸ್ತಿಲಿಗೆ ಸಿಗುವುದು ಎರಡು ಸಾಲು. ಎತ್ತರ ಅರ್ಧ ಇಂಚು ಮೀರಬಾರದು. ಕಾಲಿಂಚು ದಾಟಿದ ಭಾಗ 1:2ಕ್ಕಿಂತ ಕಡಿದಲ್ಲದ ಇಳಿಜಾರಾಗಿರಬೇಕು. ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಗೆ ತತ್ತ್ವ ಅರ್ಥವಾಗುವುದಿಲ್ಲ, ಅಂಚು ತಗುಲಿದರೆ ನಿಂತುಬಿಡುತ್ತದೆ. ಈ ಅರ್ಧ ಇಂಚು ಕೈತಪ್ಪುವುದು ಬಾಗಿಲಲ್ಲಲ್ಲ, ಕಾಂಕ್ರೀಟು ಸುರಿಯುವ ದಿನ. ಬಚ್ಚಲಿನಲ್ಲಿ ಜಲನಿರೋಧಕ ಪದರ, ಅಂಟುಗಾರೆ, ಟೈಲು ಸೇರಿ ಮುಕ್ಕಾಲು ಇಂಚು ಏರುತ್ತದೆ; ಹೊರಗಿನ ಪಡಸಾಲೆಯ ವಿನೈಲು ಎಂಟನೇ ಒಂದು ಇಂಚು. ಸ್ಲ್ಯಾಬನ್ನು ಅಲ್ಲಿ ತಗ್ಗಿಸಬೇಕು ಎಂದು ಡ್ರಾಯಿಂಗಿನಲ್ಲಿ ಬರೆದು ಸ್ಟ್ರಕ್ಚರಲ್ ಎಂಜಿನಿಯರಿಗೆ ಮೊದಲೇ ಕಳಿಸದಿದ್ದರೆ, ಆಮೇಲೆ ಟೈಲು ಕಿತ್ತು, ಪದರ ಹರಿದು, ಗ್ರೈಂಡರ್ ಹಿಡಿದು ಕೂರಬೇಕು. ನೂರು ಪುಟದ ಪ್ರಬಂಧ ಎ ಗ್ರೇಡಿನೊಂದಿಗೆ ಆಫೀಸಿನ ಕಪಾಟಿನಲ್ಲಿರುತ್ತದೆ, ಧೂಳು ಹೊಡೆಯದ ಹಾಗೆ ಬಾಗಿಲು ಮುಚ್ಚಿ.