ಕಟರ್ ಹಚ್ಚುವ ಮುಂಚೆ

ನಮ್ಮ ಬೆಳಗಾವಿಯಲ್ಲಿ ಹಳೆ ಕಾರಿನ ಟಾಪ್ ತೆಗೆದುಕೊಡಿ ಅಂತ ಕೇಳಿದರೆ ಯಾವ ಮಿಸ್ತ್ರಿಯೂ ಗಾಬರಿ ಬೀಳುವುದಿಲ್ಲ. "ಅದರಾಗೇನೈತ್ರಿ ಸರ, ಮುಂಜಾನೆ ಬಿಟ್ಟ್ ಹೋಗ್ರಿ, ಸಂಜೀಕ ಓಪನ್ ಮಾಡಿ ಕೊಡ್ತೀನಿ" ಅನ್ನುತ್ತಾರೆ. ನಾನೀಗ ಇರುವ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಇದೇ ಮಾತು ಎತ್ತಿ ನೋಡಿ. ಯಾವ ಗಾಡಿ, ಯಾವ ಇಸವಿ, ತಳಕ್ಕೆ ತುಕ್ಕು ಹಿಡಿದಿದೆಯಾ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಟಾಪಿನ ಮಾತು ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.

ನಮ್ಮವರ ಧೈರ್ಯಕ್ಕೆ ಒಂದು ಕಾರಣ ಇದೆ. ನಾವು ಗಾಡಿ ಕಲಿತದ್ದು ಜೀಪು ಮತ್ತು ಲಾರಿ ನೋಡಿ. ಆಗೆಲ್ಲ ಲಾರಿ ಬರುತ್ತಿದ್ದದ್ದೇ ಬರೀ ಚಾಸಿಯಾಗಿ, ಅಂದರೆ ಎಂಜಿನ್, ಚಕ್ರ ಹೊತ್ತ ತಳದ ಚೌಕಟ್ಟಾಗಿ. ಕ್ಯಾಬಿನ್ನು, ಹಿಂದಿನ ತೊಟ್ಟಿ ಎಲ್ಲ ಬಾಡಿ ಕಟ್ಟುವವರ ಕೈಕೆಲಸವಾಗಿತ್ತು. ಜೀಪಿನ ಹುಡ್, ಅಂದರೆ ಬಟ್ಟೆಯ ಟಾಪ್, ಅಂತೂ ಬೇಸಿಗೆಯಲ್ಲಿ ಬಿಚ್ಚಿ, ಮಳೆಗಾಲಕ್ಕೆ ಹಾಕುವ ವಸ್ತು. ಕೆಳಗೆ ಎರಡು ದಪ್ಪ ಕಬ್ಬಿಣದ ಹಳಿ ಇದ್ದರೆ ಮೇಲೆ ಏನಿದ್ದರೂ, ಇಲ್ಲದಿದ್ದರೂ ಗಾಡಿ ಓಡುತ್ತದೆ. ಹಾಗಾಗಿ ಟಾಪ್ ಅಂದರೆ ಟೋಪಿ, ಬೇಡವಾದರೆ ತೆಗೆದಿಟ್ಟರಾಯಿತು ಅನ್ನುವ ಲೆಕ್ಕ ಎಲ್ಲರ ತಲೆಯಲ್ಲೂ ಕೂತಿದೆ.

ಆದರೆ ಅಂಬಾಸಿಡರ್, ಪದ್ಮಿನಿಯಿಂದ ಹಿಡಿದು ಹೆಸರುವಾಸಿ ಸ್ಪೋರ್ಟ್ಸ್ ಕಾರುಗಳವರೆಗೆ ಎಷ್ಟೋ ಗಾಡಿಗಳಿಗೆ ಆ ಹಳಿಗಳೇ ಇಲ್ಲ. ತಳ, ಕಂಬ, ಟಾಪ್ ಎಲ್ಲ ಸೇರಿಯೇ ಚಾಸಿ. ಬೂಟು ಬರುವ ರಟ್ಟಿನ ಡಬ್ಬಿಗೆ ಮುಚ್ಚಳ ಹಾಕಿ ಟೇಪ್ ಅಂಟಿಸಿ ತಿರುಚಿ ನೋಡಿ, ಜಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿ, ಎಷ್ಟು ಬೇಕಾದರೂ ಸೊಟ್ಟಗಾಗುತ್ತದೆ. ಟಾಪ್ ಕತ್ತರಿಸಿದ ಕಾರೂ ಹಾಗೆಯೇ. ಮೊದಲ ಗುಂಡಿಗೆ ಸ್ಟಿಯರಿಂಗ್ ನಡುಗುತ್ತದೆ, ಆಮೇಲೆ ಕನ್ನಡಿ. ಒಂದು ವರ್ಷ ಕಳೆಯುವಷ್ಟರಲ್ಲಿ ಬಾಗಿಲು ಹಾಕಿದರೆ ಕೂರುವುದಿಲ್ಲ, ಕೂತರೆ ತೆಗೆಯಲು ಬರುವುದಿಲ್ಲ.

ಸ್ಟುಟ್‌ಗಾರ್ಟಿನ ನಮ್ಮ ಓಣಿಯ ಹಿಂದೆ ಒಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿಗೆ ಒಂದು ಡಾಟ್ಸನ್ 240ಜೆಡ್ ಬಂದಿತ್ತು. 1969ರಲ್ಲಿ ಹೊರಬಂದ, ಉದ್ದ ಮೂತಿಯ ಜಪಾನಿ ಸ್ಪೋರ್ಟ್ಸ್ ಕಾರು. ಕಂಪನಿ ಅದನ್ನು ಓಪನ್ ಆಗಿ ಯಾವತ್ತೂ ಮಾರಲಿಲ್ಲ. ಇದರ ಟಾಪ್ ಮೊದಲೇ ತುಕ್ಕು ತಿಂದು ಜಾಳಾಗಿತ್ತು, ಮಾಲೀಕನಿಗೆ ಓಪನ್ ಗಾಡಿಯೇ ಬೇಕಾಗಿತ್ತು. ಸಂಜೆ ವಾಕಿಂಗ್ ನೆಪದಲ್ಲಿ ನಾನು ಅಲ್ಲಿ ಇಣುಕುವುದು ರೂಢಿಯಾಯಿತು.

ವಾರಗಟ್ಟಲೆ ಟಾಪಿಗೆ ಯಾರೂ ಕೈ ಹಚ್ಚಲಿಲ್ಲ! ಮೊದಲು ಗಾಡಿಯನ್ನು ನಾಲ್ಕೂ ಮೂಲೆಗೆ ಲೆವೆಲ್ ಹಿಡಿದು ನಿಲ್ಲಿಸಿದರು. ಬಾಗಿಲು ಬಿಚ್ಚಿ, ಕೀಲಿನ ಕಂಬದಿಂದ ಲಾಕಿನ ಕಂಬಕ್ಕೆ ಎರಡೂ ಕಡೆ ಪೈಪ್ ಅಡ್ಡ ಕೊಟ್ಟು ವೆಲ್ಡ್ ಮಾಡಿದರು. ಕತ್ತರಿಸುವಾಗ ಕಂಬಗಳು ಒಂದು ಎಳೆಯಷ್ಟೂ ಸರಿಯಬಾರದಲ್ವಾ, ಅದಕ್ಕೆ. ಬಾಗಿಲ ಕೆಳಗೆ ಉದ್ದಕ್ಕೂ ಒಂದು ಪೊಳ್ಳು ಪಟ್ಟಿ ಇರುತ್ತದೆ. ಅದನ್ನು ಸೀಳಿ ಒಳಗೆ ದಪ್ಪ ಪ್ಲೇಟ್ ಕೂರಿಸಿ ಮತ್ತೆ ಮುಚ್ಚಿದರು. ಸೀಟಿನ ಹಿಂದೆ ಎಡದಿಂದ ಬಲಕ್ಕೆ ಪೆಟ್ಟಿಗೆಯಂಥ ತೊಲೆ, ಮುಂಗಾಜಿನ ಕಂಬದೊಳಗೆ ಉಕ್ಕಿನ ಪೈಪು. ಇಷ್ಟೆಲ್ಲ ಮುಗಿದ ಮೇಲೆ ಕಟರ್ ಶಬ್ದ ಕೇಳಿಸಿತು. ಅದು ಬೇಗ ಮುಗಿದೂ ಹೋಯಿತು. ಆಮೇಲೆ ಮತ್ತೆ ತಲೆನೋವು. ಆ ಗಾಡಿಗೆ ಹಿಂದೆ ಡಿಕ್ಕಿ ಮುಚ್ಚಳ ಬೇರೆ ಇಲ್ಲ, ಇಳಿಜಾರು ಟಾಪಿನಲ್ಲೇ ಗಾಜಿನ ಬಾಗಿಲು. ಟಾಪ್ ಹೋದರೆ ಹಿಂದೆ ಬರೀ ಹೊಂಡ. ಅದಕ್ಕೊಂದು ಹೊಸ ಮುಚ್ಚಳ ಬಡಿಯಬೇಕಾಯಿತು.

ನನಗೆ ತುಂಬ ಹಿಡಿಸಿದ್ದು ಕೊನೆಯ ಪರೀಕ್ಷೆ. ಒಂದೇ ಮೂಲೆಗೆ ಜಾಕ್ ಕೊಟ್ಟು ಚಕ್ರ ಎತ್ತಿದರು. ಆಮೇಲೆ ಬಾಗಿಲು ತೆಗೆದರು, ಹಾಕಿದರು. ಬಾಗಿಲಿನ ಸಂದು ಮೇಲೆಷ್ಟೋ ಕೆಳಗೂ ಅಷ್ಟೇ ಇತ್ತು. ಇದಕ್ಕೆ ದೊಡ್ಡ ಯಂತ್ರ ಏನೂ ಬೇಕಾಗಿಲ್ಲ, ನಮ್ಮ ಖಾನಾಪುರ ರಸ್ತೆಯ ಯಾವ ಗ್ಯಾರೇಜಿನಲ್ಲೂ ಮಾಡಬಹುದು.

ಕಂಪನಿಗಳೂ ಈ ವಿಷಯದಲ್ಲಿ ಹುಷಾರು. ಪೋರ್ಷೆ 1965ರಲ್ಲಿ ತನ್ನ 911 ಕಾರಿನ ಟಾರ್ಗಾ ಅನ್ನುವ ಮಾಡೆಲ್ ತೋರಿಸಿದಾಗ ತಲೆಯ ಹಿಂದೆ ಅಗಲವಾದ ಉಕ್ಕಿನ ಕಮಾನು ಉಳಿಸಿಕೊಂಡೇ ಟಾಪ್ ತೆಗೆದಿತ್ತು. ಪೂರ್ತಿ ಓಪನ್ 911 ಬಂದದ್ದು 1982ರಲ್ಲಿ. ಸ್ಟುಟ್‌ಗಾರ್ಟಿನದೇ ಆದ ಬೌರ್ ಅನ್ನುವ ಬಾಡಿ ಕಟ್ಟುವ ಸಂಸ್ಥೆ ಬಿಎಂಡಬ್ಲ್ಯು 2002 ಅನ್ನುವ ಮಾಡೆಲಿನ ಟಾಪ್ ಪೂರ್ತಿ ತೆಗೆದು ನೋಡಿ, ಆಮೇಲೆ ತಾನೂ ಕಮಾನಿಗೆ ಬಂತು. ಇನ್ನು ದುಡ್ಡಿಗಾಗಿ ಕತ್ತರಿಸುವವರ ಕತೆ ಬೇರೆ. ಫೆರಾರಿ ಡೇಟೋನಾ ಕಂಪನಿಯಿಂದಲೇ ಓಪನ್ ಆಗಿ ಬಂದದ್ದು 122 ಮಾತ್ರ. ಅದರ ಬೆಲೆ ಏರಿದ್ದೇ ತಡ, ಟಾಪ್ ಇದ್ದ ಡೇಟೋನಾಗಳನ್ನು ಹಿಡಿದು ಹಿಡಿದು ಕತ್ತರಿಸಿದರು. ಇವತ್ತು ಅಸಲಿ ಓಪನ್ ಗಾಡಿಯ ಬೆಲೆ ಅವಕ್ಕಿಲ್ಲ. ನನ್ನ ಕೇಳಿದರೆ ತಕ್ಕ ಶಾಸ್ತಿ.

ಇಷ್ಟು ಓದಿ, ಜರ್ಮನಿಯವರು ಶಿಸ್ತಿನ ಜನ, ನಾವು ಅಡ್ಡಾದಿಡ್ಡಿ ಅಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕೈಚಳಕದಲ್ಲಿ ನಮ್ಮವರೇನೂ ಕಡಿಮೆ ಇಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಲೇತ್ ಶಾಪುಗಳಲ್ಲಿ ಬೇರೆ ಬೇರೆ ಕಂಪನಿಗಳಿಗೆ ಅಳತೆ ತಪ್ಪದ ಬಿಡಿಭಾಗ ತಯಾರಾಗುತ್ತವೆ. ಅದೇ ಊರಿನ ಪತ್ರಾ ಕೆಲಸದವರು ಕಾರಿನ ಟಾಪ್ ಮಾತ್ರ ಯಾಕೆ ಅಳತೆ ಇಲ್ಲದೆ ಕತ್ತರಿಸುತ್ತಾರೆ? ನನ್ನ ಪ್ರಕಾರ ತಪ್ಪು ಕಾಯ್ದೆಯ ರೀತಿಯಲ್ಲಿದೆ.

ಇಲ್ಲಿ ಜರ್ಮನಿಯಲ್ಲಿ ಆ ಡಾಟ್ಸನ್ ಕತ್ತರಿಸುವ ಮುಂಚೆಯೇ ತಪಾಸಣೆ ಸಂಸ್ಥೆಯ ಎಂಜಿನಿಯರ್ ಬಂದು ನೋಡಿ ಹೋಗಿದ್ದರು. ಆ ಒಂದೇ ಗಾಡಿಗೆ ಅಂತ ಬೇರೆ ಪರೀಕ್ಷೆ ಇದೆ. ಏನು ಮಾಡುತ್ತೀರಿ ಅಂತ ಬರೆದು ತೋರಿಸಿ, ಮಾಡಿದ ಮೇಲೆ ಗಾಡಿ ತನ್ನಿ, ಸರಿ ಇದ್ದರೆ ಸಹಿ ಹಾಕುತ್ತೇವೆ. ಕಿರಿಕಿರಿ ಇಲ್ಲ ಅಂತಲ್ಲ. ಹಳೆ ಗಾಡಿಗೆ ಕೊಡುವ ಎಚ್ ನಂಬರ್ ಬೇಕಾದರೆ ಗಾಡಿಗೆ 30 ವರ್ಷ ತುಂಬಿರಬೇಕು, ಮಾಡಿದ ಬದಲಾವಣೆ ಆ ಕಾಲದಲ್ಲೇ ಚಾಲ್ತಿಯಲ್ಲಿದ್ದದ್ದಾಗಿರಬೇಕು. ಖರ್ಚಂತೂ ಕೇಳಲೇಬೇಡಿ. ಆದರೂ ಸರಿಯಾಗಿ ಮಾಡುವವನಿಗೆ ದಾರಿ ಇದೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೇಳಲು ಬಲು ಬಿಗಿ. ಆದರೆ ಮದುವೆ ಸೀಸನ್ನಿನಲ್ಲಿ ಒಂದು ಸಂಜೆ ರಸ್ತೆಗೆ ಬಂದು ನಿಲ್ಲಿ. ಟಾಪ್ ಕತ್ತರಿಸಿದ ಹಳೆ ಕಾರಿನ ಮೇಲೆ ಮದುಮಗ ಕೂತಿರುತ್ತಾನೆ, ಹಿಂದೆ ಡಾಲ್ಬಿ ಸ್ಪೀಕರಿನ ಅಬ್ಬರ, ಟ್ರಾಫಿಕ್ ಪೊಲೀಸರೇ ದಾರಿ ಬಿಡಿಸಿಕೊಡುತ್ತಿರುತ್ತಾರೆ. ಮೆರವಣಿಗೆಯ ನಡಿಗೆ ವೇಗದಲ್ಲಿ ಗಾಡಿ ಸೊಟ್ಟಗಾದರೂ ಗೊತ್ತಾಗುವುದಿಲ್ಲ. ಅದೇ ಗಾಡಿ ರಾತ್ರಿ ಹೆದ್ದಾರಿ ಹಿಡಿದು ವಾಪಸ್ ಹೋಗುತ್ತದಲ್ಲ, ನನ್ನ ಚಿಂತೆ ಅದು.

ಪೂರ್ತಿ ಬೇಡ ಅಂದಿರುವ ಕೆಲಸವನ್ನು ಮಿಸ್ತ್ರಿ ಕದ್ದು ಮಾಡಬೇಕು. ಕದ್ದು ಮಾಡುವ ಕೆಲಸ ಬೇಗ ಮುಗಿಯಬೇಕು. ಹೇಗೂ ಯಾರೂ ಪರೀಕ್ಷೆ ಮಾಡುವುದಿಲ್ಲ ಅಂದಮೇಲೆ ಕಣ್ಣಿಗೆ ಕಾಣದ ತಳಕ್ಕೆ ಗಿರಾಕಿ ಯಾಕೆ ದುಡ್ಡು ಕೊಡುತ್ತಾನೆ? ಅವನು ಕೊಡುವುದು ಪೇಂಟಿಗೆ, ಹುಡ್ಡಿಗೆ, ಕೆಂಪು ರೆಕ್ಸಿನ್ ಸೀಟಿಗೆ. ಕಾಸು ತೆಗೆದುಕೊಂಡು ಪರೀಕ್ಷೆ ಮಾಡುವ ಒಂದು ಕೌಂಟರ್ ತೆರೆದು ನೋಡಿ. ಬೆಳಗಾವಿಯ ಒಳ್ಳೆಯ ಮಿಸ್ತ್ರಿ ಯಾರು, ಬರೀ ಪುಟ್ಟಿ ಮೆತ್ತುವವರು ಯಾರು ಅಂತ ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ.

ತನ್ನ ಕಾರಿನ ಟಾಪ್ ತೆಗೆಯಬೇಕು ಅಂತಿದ್ದ ಬೆಳಗಾವಿ ಟಿಳಕವಾಡಿಯ ನನ್ನ ಗೆಳೆಯನಿಗೆ ಇಷ್ಟು ಭಾಷಣ ಬೇಕಿರಲಿಲ್ಲ. ಅವನದು ಎರಡು ಬಾಗಿಲ ಸ್ಟ್ಯಾಂಡರ್ಡ್ ಹೆರಾಲ್ಡ್. 1959ರ ಟ್ರಯಂಫ್ ಹೆರಾಲ್ಡ್ ಗಾಡಿಯನ್ನೇ ಮದ್ರಾಸಿನಲ್ಲಿ 1961ರಿಂದ ತಯಾರಿಸಿದ್ದು. ಅದರ ರೂಪದ ಗೆರೆ ಎಳೆದದ್ದು ಇಟಲಿಯ ವಿನ್ಯಾಸಗಾರ ಮಿಕೆಲೊಟ್ಟಿ, ಅದಕ್ಕೇ ಆ ಚೆಲುವು. ಅದಕ್ಕೆ ಜೀಪಿನ ಹಾಗೆ ಬೇರೆಯೇ ಚಾಸಿ ಇದೆ, ಟಾಪ್ ಬೋಲ್ಟಿನ ಮೇಲೆ ಕೂತಿದೆ. ಇಂಗ್ಲೆಂಡಿನಲ್ಲಿ ಅದರ ಓಪನ್ ಮಾಡೆಲ್ ಕಂಪನಿಯೇ ಮಾರುತ್ತಿತ್ತು. ಹಾಗಾಗಿ ಅವನಿಗೆ ನಾನು ಬೇಡ ಅನ್ನಲಿಲ್ಲ. ಕಟರ್ ದೂರ ಇಡು, ಬೋಲ್ಟ್ ಬಿಚ್ಚುವ ಪಾನಾ ತಗೋ ಅಂದೆ. ಹುಡ್ ಹೊಲಿಸಲು ಕ್ಯಾಂಪಿನ ಕಡೆ ಒಳ್ಳೆಯ ಕುಶನ್ ಅಂಗಡಿ ಹುಡುಕು, ಜುಲೈ ಮಳೆಗೆ ತಾಡಪತ್ರಿ ಬೇರೆ ಇಟ್ಟುಕೋ ಅಂದೆ. ಒಂದು ಷರತ್ತು ಮಾತ್ರ ಹಾಕಿದೆ, ಬಿಚ್ಚಿದ ಟಾಪ್ ಗುಜರಿಗೆ ಹೋಗಬಾರದು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಎ, ಅಂದರೆ ವಿಂಟೇಜ್ ಗಾಡಿಯ ನಂಬರ್ ಸಿಗುವುದು ಅದು ಮೂಲ ರೂಪದಲ್ಲಿದ್ದರೆ ಮಾತ್ರ. ಬೇಕಾದಾಗ ಅದೇ ಬೋಲ್ಟು, ಅದೇ ಟಾಪ್ ವಾಪಸ್ ಕೂರಬೇಕು. ಅವನು ಎಲ್ಲದಕ್ಕೂ ಹೂಂ ಅಂದ. ಟಾಪ್ ಇಡಲು ಅಟ್ಟದ ಮೇಲೆ ಜಾಗ ಮಾಡಿಕೊಡಲು ಅವನ ಹೆಂಡತಿ ಮಾತ್ರ ಇನ್ನೂ ಒಪ್ಪಿಲ್ಲ.