ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಲಾಗಿದೆ

ಸಾಲ ಕೊಡುವ ಕಂಪನಿಗಳ ಭಾಷಾಪ್ರೇಮವನ್ನು ಇಷ್ಟು ದಿನ ಶಂಕಿಸಿದ ಪಾಪ ನನ್ನದು. ಕಲಬುರಗಿಯ ನಮ್ಮ ಓಣಿಯಲ್ಲಿ ಹಾಲು ಮಾರುವ ಅಕ್ಕ ಎಮ್ಮೆಗೆಂದು ಪಡೆದ ಐವತ್ತು ಸಾವಿರದ ಸಾಲದ ಕರಾರನ್ನು ಮೊನ್ನೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಓದಿಸಲು ತಂದಿದ್ದರು. ಇಪ್ಪತ್ತೆರಡು ಪುಟ, ಸಾಸಿವೆಯಷ್ಟು ಅಕ್ಷರ, ಎಲ್ಲವೂ ಇಂಗ್ಲಿಷ್. ಕೊನೆಯ ಪುಟದಲ್ಲಿ ಹೆಬ್ಬೆಟ್ಟಿನ ನೀಲಿ ಗುರುತು. ಅದರ ಮೇಲೆ, ಷರತ್ತುಗಳೆಲ್ಲವನ್ನೂ ಸಾಲಗಾರರಿಗೆ ಅವರು ಬಲ್ಲ ಭಾಷೆಯಲ್ಲಿ ಓದಿ ವಿವರಿಸಲಾಗಿದೆ ಎಂಬ ಒಂದು ಸಾಲು. ಆ ಸಾಲೂ ಇಂಗ್ಲಿಷಿನಲ್ಲಿಯೇ ಇತ್ತು.

ಓದಿದವರು ಯಾರೆಂದು ಕೇಳಿದೆ. "ಯಾರೂ ಓದಿಲ್ರಿ ಸರ. ‘ಬರೇ ಫಾರ್ಮಾಲಿಟಿ ಅದ ಅಕ್ಕಾ, ಇಲ್ಲಿ ಹೆಬ್ಬಟ್ಟು ಒತ್ರಿ’ ಅಂದ್ರು, ಒತ್ತೀನ್ರಿ" ಎಂದರು.

ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಕಿರುಸಾಲದ ಕರಾರು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ನಿರ್ದೇಶಿಸಿದೆ. ಅರ್ಥವಾಗಿದೆ ಎಂದು ಕಂಪನಿಯವರು ಬರೆದುಕೊಂಡಿದ್ದಾರೆ, ಅಲ್ಲಿಗೆ ನಿರ್ದೇಶನ ಪಾಲನೆಯಾಯಿತು. ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ ಎನ್ನುತ್ತದೆ 1872ರ ಕರಾರು ಕಾಯಿದೆಯ 13ನೆಯ ಕಲಮು. ಅಕ್ಕ ಒಪ್ಪಿದ್ದು ಎಮ್ಮೆಯನ್ನು, ಕಂಪನಿ ಒಪ್ಪಿಸಿಕೊಂಡದ್ದು ಇಪ್ಪತ್ತೆರಡು ಪುಟವನ್ನು.

‘ಬರೇ ಫಾರ್ಮಾಲಿಟಿ’ ನಮ್ಮ ಭಾಗದ ಸ್ವಂತ ಆವಿಷ್ಕಾರವೆಂದು ಹೆಮ್ಮೆಪಡುವಂತೆಯೂ ಇಲ್ಲ. ಜರ್ಮನಿಯಲ್ಲಿ ಇಪ್ಪತ್ತೊಂದು ವರ್ಷದ ಹೆಣ್ಣುಮಗಳೊಬ್ಬಳು ತಂದೆಯ ಒಂದು ಲಕ್ಷ ಮಾರ್ಕ್ ಸಾಲಕ್ಕೆ ಜಾಮೀನು ನಿಂತಾಗ, ಇದರಿಂದ ನಿನ್ನ ಮೇಲೆ ದೊಡ್ಡ ಹೊಣೆಯೇನೂ ಬೀಳುವುದಿಲ್ಲ, ನನ್ನ ಕಡತಕ್ಕೆ ಬೇಕಷ್ಟೆ ಎಂದು ಬ್ಯಾಂಕಿನವನು ಸಹಿ ಹಾಕಿಸಿಕೊಂಡಿದ್ದ. ಬಲ ಒಂದೇ ಕಡೆ ಇದ್ದು ಹೊರೆ ಮಿತಿಮೀರಿದರೆ ನ್ಯಾಯಾಲಯಗಳು ಕೈಕಟ್ಟಿ ಕೂರಬಾರದೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 1993ರಲ್ಲಿ ಹೇಳಿತು. ಅದಕ್ಕೂ ಮೊದಲು, 1956ರಲ್ಲಿ, ಇಂಗ್ಲೆಂಡಿನ ನ್ಯಾಯಾಧೀಶ ಡೆನ್ನಿಂಗ್ ಅವರು, ಕೆಲವು ಷರತ್ತುಗಳು ಎಷ್ಟು ಕಠಿಣವೆಂದರೆ ಅವನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿ, ಅವುಗಳತ್ತ ಬೆರಳು ಮಾಡಿದ ಒಂದು ಕೆಂಪು ಕೈಯನ್ನೂ ಬರೆಯಬೇಕಾದೀತು ಎಂದಿದ್ದರು. ಅಕ್ಕನ ಕಾಗದವನ್ನು ತಿರುವಿ ತಿರುವಿ ನೋಡಿದೆ. ಅದರಲ್ಲಿದ್ದ ಕೈಯ ಕುರುಹು ಒಂದೇ, ಆಕೆಯದೇ ನೀಲಿ ಹೆಬ್ಬೆಟ್ಟು.

ತಕರಾರು ಬಂದರೆ ಮಧ್ಯಸ್ಥಿಕೆ ಚೆನ್ನೈಯಲ್ಲಿ ಎಂದು ಹದಿನೇಳನೆಯ ಪುಟ ಹೇಳುತ್ತದೆ. ಕಲಬುರಗಿ ಮುಂಬೈ–ಚೆನ್ನೈ ರೈಲುಮಾರ್ಗದ ಮೇಲೆಯೇ ಇರುವುದರಿಂದ ಇದು ಕಂಪನಿಯ ಔದಾರ್ಯವೇ ಸರಿ. ಎಮ್ಮೆಯನ್ನು ಯಾರಾದರೂ ಎರಡು ದಿನ ಹಿಂಡಿಕೊಂಡಿದ್ದರೆ ಸಾಕು.

ಅಷ್ಟು ದೂರವೇಕೆ, ಊರಲ್ಲಿಯೇ ಗ್ರಾಹಕರ ಜಿಲ್ಲಾ ಆಯೋಗವಿದೆಯಲ್ಲ ಎನ್ನಬಹುದು. ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ಅನ್ಯಾಯದ ಕರಾರು’ ಎಂದರೇನೆಂದು ಆರು ಬಗೆಗಳನ್ನು ಹೆಸರಿಸಿ ವಿವರಿಸಿದೆ. ಅವಧಿಗೆ ಮುನ್ನ ಸಾಲ ತೀರಿಸಲು ಬಂದವರನ್ನು ತಡೆಯುವುದೂ ಅವುಗಳಲ್ಲೊಂದು. ಆದರೆ ಅಂಥ ಕರಾರಿನ ದೂರನ್ನು ಕೇಳುವ ಅಧಿಕಾರವನ್ನು ಅದೇ ಕಾಯಿದೆ ರಾಜ್ಯ ಆಯೋಗಕ್ಕೂ, ಮೊತ್ತ ಹತ್ತು ಕೋಟಿ ದಾಟಿದರೆ ರಾಷ್ಟ್ರೀಯ ಆಯೋಗಕ್ಕೂ ಕೊಟ್ಟು, ಜಿಲ್ಲಾ ಆಯೋಗಕ್ಕೆ ಕೊಡಲಿಲ್ಲ. ಹತ್ತು ಕೋಟಿಯ ಮಾತು ಬಲ್ಲವರಿಗೆ ಓದಿ ಹೇಳಲು ವಕೀಲರಿರುತ್ತಾರೆ. ಮೋಸಹೋಗುವವರು ಐವತ್ತು ಸಾವಿರದವರು, ಅವರಿಗೆ ನಡೆದು ಹೋಗುವಷ್ಟು ದೂರದಲ್ಲಿರುವ ಬಾಗಿಲು ಅದೊಂದೇ, ಅದನ್ನೇ ನೋಡಿ ಮುಚ್ಚಿದ್ದಾರೆ. ಇದಕ್ಕೆ ವ್ಯಂಗ್ಯ ಮಾಡಿ ಮಾಡಿ ನನಗೂ ಸಾಕಾಗಿದೆ.

ಅಕ್ಕ ಕಾಗದವನ್ನು ಮತ್ತೆ ಚೀಲದಲ್ಲಿ ಸುತ್ತುತ್ತ, ವಿಮೆಯೆಂದು ಸಾಲದಲ್ಲಿ ಮುರಿದುಕೊಂಡ ಎರಡು ಸಾವಿರ ಎಮ್ಮೆಯ ಜೀವಕ್ಕೋ ತನ್ನ ಜೀವಕ್ಕೋ ಎಂದು ಕೇಳಿದರು. ಕನ್ನಡಕ ಏರಿಸಿಕೊಂಡು ಹನ್ನೊಂದನೆಯ ಪುಟವನ್ನು ಎರಡು ಸಲ ಓದಿದೆ. ನನಗೂ ತಿಳಿಯಲಿಲ್ಲ.